ಒಂದು ಮಷೀನು, ಎರಡು ಮಾತು

ವಾಡಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಅಂದು ಮುಂಜಾನೆ ಎದ್ದ ಗದ್ದಲಕ್ಕೆಲ್ಲ ಕಾರಣ ಒಂದು ಪ್ರಶ್ನಾರ್ಥಕ ಚಿಹ್ನೆ. ಅದು ಇತ್ತು, ಚಂದ್ರಾಮಪ್ಪನವರ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಚಂದ್ರಾಮಪ್ಪನವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾಗಿ, ಸಿಮೆಂಟ್ ಕಾರ್ಖಾನೆಯಲ್ಲಿದ್ದ ಮಗನ ಕ್ವಾರ್ಟರ್ಸ್‌ಗೆ ಬಂದು ಸೇರಿದ್ದರು. ಮೂವತ್ತೈದು ವರ್ಷ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು ಕಳೆದಿದ್ದಕ್ಕೋ ಏನೋ, ಈಗ ಯಾವ ಸುದ್ದಿಯಲ್ಲಾದರೂ ಎಲ್ಲರಿಗಿಂತ ಮುಂದೆ ಇರಬೇಕೆಂಬ ಹಟ ಅವರಿಗೆ. ಅಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಿಂತು ಮೊಬೈಲಿನಲ್ಲಿ ಬಂದಿದ್ದ ಲೇಖನವೊಂದರ ತಲೆಬರಹವನ್ನು ಗಟ್ಟಿಯಾಗಿ ಓದಿದರು: "ಮೇನ್‌ಫ್ರೇಮ್ ಕಂಪ್ಯೂಟರುಗಳ ಕಾಲ ಮುಗಿಯಿತು!" ಅಲ್ಲಿ ಬರೆದಿದ್ದುದು "ಮುಗಿಯಿತೇ?" ಎಂದು. ಒಳಗಿನ ಲೇಖನ ಇಲ್ಲ, ಮುಗಿದಿಲ್ಲ ಎಂದೇ ಹೇಳುತ್ತಿತ್ತು. ಆದರೆ ಚಂದ್ರಾಮಪ್ಪನವರು ಲೇಖನದ ಒಳಗೆ ಹೋಗುವ ಜಾತಿಯವರಲ್ಲ.

"ಅಂದ್ರ ನಮ್ ಶಂಕರಲಿಂಗಂದು?" ಎಂದು ಯಾರೋ ಕೇಳಿದರು.

"ಮುಗೀತು," ಎಂದರು ಚಂದ್ರಾಮಪ್ಪ, ಹಸಿರು ಬಾವುಟ ಬೀಸಿದಷ್ಟು ಸಲೀಸಾಗಿ.

ಶಂಕರಲಿಂಗ ಆ ಕಾರ್ಖಾನೆಯ ಮೇನ್‌ಫ್ರೇಮನ್ನು ಇಪ್ಪತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು. ಕಾರ್ಮಿಕರೆಲ್ಲ ಅದನ್ನು ದೊಡ್ಡ ಮಷೀನು ಎನ್ನುತ್ತಿದ್ದರು. ಕಪಾಟಿನಷ್ಟು ಎತ್ತರದ, ಕಪ್ಪು ಬಣ್ಣದ ಒಂದು ಕಂಪ್ಯೂಟರು. ಎರಡು ಸಾವಿರ ಜನರ ಹಾಜರಿ, ದಿನಕ್ಕೆ ಮುನ್ನೂರು ಲಾರಿಗಳ ಚೀಟಿ ಎಲ್ಲ ಅದರದೇ ಹೊಣೆ. ಅದು ನಿಂತರೆ ಗೇಟಿನಲ್ಲಿ ಲಾರಿ ನಿಲ್ಲುತ್ತಿತ್ತು. ಲಾರಿ ನಿಂತರೆ ಶಂಕರಲಿಂಗನ ಫೋನು ಬಡಿದುಕೊಳ್ಳುತ್ತಿತ್ತು. ಅದರ ಭಾಷೆ ಗೊತ್ತಿದ್ದವನು ಅವನೊಬ್ಬನೇ. ಹೀಗಾಗಿ ಅವನು ಯಾವ ಮದುವೆಯಲ್ಲೂ ಅಕ್ಷತೆಯ ಅಕ್ಕಿಕಾಳು ಬೀಳುವ ತನಕ ಕೂತವನಲ್ಲ. ಸ್ವಂತ ತಮ್ಮನ ಮದುವೆಯ ಫೋಟೋಗಳಲ್ಲಿ ಕಾಣುವುದು ಅವನ ಖಾಲಿ ಕುರ್ಚಿ ಮಾತ್ರ.

ಆದ್ದರಿಂದ ಮೇನ್‌ಫ್ರೇಮಿನ ಕಾಲ ಮುಗಿಯಲಿ ಎಂದು ಈ ಭೂಮಿಯ ಮೇಲೆ ಯಾರಾದರೂ ಮನಸಾರೆ ಬೇಡಿಕೊಳ್ಳುತ್ತಿದ್ದರೆ ಅದು ಶಂಕರಲಿಂಗನೇ. ಅದೃಷ್ಟವೂ ಹತ್ತಿರ ಬಂದಿತ್ತು. ದೊಡ್ಡ ಮಷೀನನ್ನು ಇಟ್ಟುಕೊಳ್ಳಬೇಕೋ ತೆಗೆದುಹಾಕಬೇಕೋ ನೋಡಲು ಮುಂಬೈ ಆಫೀಸಿನಿಂದ ಒಬ್ಬ ಮೇಡಂ ಅಂದೇ ಮಧ್ಯಾಹ್ನ ಬರುವವರಿದ್ದರು. ತೆಗೆದರೆ ಅವನಿಗೆ ಸೇಡಂ ಆಫೀಸಿಗೆ ವರ್ಗ. ಅಲ್ಲಿ ಹತ್ತಕ್ಕೆ ಹೋಗಿ ಐದಕ್ಕೆ ಬರುವ ಕೆಲಸ, ಫೋನು ಹಚ್ಚಿ ಕರೆಯುವವರು ಯಾರೂ ಇಲ್ಲ.

ಆದರೆ ಅದೇ ಮುಂಜಾನೆ ಮಗಳು ಜಗದೇವಿಯನ್ನು ನೋಡಲು ಐನಾಪುರದವರು ಬರುವವರಿದ್ದರು.

"ಏನ್ರಿ, ಇಡೀ ಲೈನಿನ್ಯಾಗ ನಿಮ್ ನೌಕ್ರಿ ಹೋತು ಅಂತ ಡಂಗುರ ಬಿದ್ದದ!" ಎಂದು ಹೆಂಡತಿ ಶಿವಕಾಂತಮ್ಮ ಉಪ್ಪಿಟ್ಟಿನ ಸೌಟು ಹಿಡಿದೇ ಹೊರಗೆ ಬಂದಳು. "ಹಿಂದಿನ ಮನಿಯಾಕಿ ಬಂದು ನನ್ನ ಕೈ ಹಿಡದು ಅತ್ತು ಹೋದಳು. ನಾನೂ ಯಾಕಂತ ತಿಳೀದೆ ಅತ್ತೆ!"

"ನೌಕ್ರಿ ಹೋಗಂಗಿಲ್ಲ. ಮಷೀನು ಹೋಗ್ತದ."

"ಐನಾಪುರದವರಿಗೆ ಎರಡೂ ಒಂದೇ. ಅವರು ಬಂದಾಗ ಮಷೀನು ಗಟ್ಟಿ ಅದ ಅನ್ರಿ. ಮಧ್ಯಾಹ್ನ ಮ್ಯಾಡಂ ಮುಂದ ಏನರೆ ಅನ್ರಿ."

ಹೇಳಿದಷ್ಟು ಸುಲಭ ಎಂದು ಶಂಕರಲಿಂಗನಿಗೂ ಅನ್ನಿಸಿತು. ಸ್ನಾನ ಮಾಡುತ್ತ ಎರಡು ಭಾಷಣ ಹೊಂದಿಸಿಕೊಂಡ. ಒಂದು ಬೆಳೆಯುತ್ತಿದೆ ಎಂದು, ಕನ್ನಡದಲ್ಲಿ. ಇನ್ನೊಂದು ಮುಗಿಯುತ್ತಿದೆ ಎಂದು, ಇಂಗ್ಲಿಷಿನಲ್ಲಿ.

ಹತ್ತು ಗಂಟೆಗೆ ಸೇಡಂ ಕಡೆಯ ಗಾಡಿ ಇಳಿದು ಅಂಬಾರಾಯ ಬಂದ. ಹುಡುಗನ ದೊಡ್ಡಪ್ಪ, ಮೀಸೆಯೂ ಮಾತೂ ಎರಡೂ ದಪ್ಪ. ಹಿಂದೆ ಹುಡುಗ ದೇವಿಂದ್ರ, ಇಸ್ತ್ರಿಯ ಗೆರೆ ಮುರಿದೀತೆಂಬ ಭಯದಲ್ಲಿ ಮೆಲ್ಲಗೆ ಕಾಲಿಡುತ್ತಿದ್ದ. ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಚಿಂಚೋಳಿಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಇಬ್ಬರಿಗೂ ದಾರಿ ತೋರಿಸಿಕೊಂಡು ಬಂದವರು, ಯಾರೂ ಕರೆಯದಿದ್ದರೂ, ಚಂದ್ರಾಮಪ್ಪನವರು.

"ಬರ್ರಿ, ಕುಂದ್ರಿ," ಎಂದ ಶಂಕರಲಿಂಗ.

ಅಂಬಾರಾಯ ಕೂತ. ಶಿರಾ ತಿಂದ, ಉಪ್ಪಿಟ್ಟು ತಿಂದ, ಚಾ ಕುಡಿದ. ಜಗದೇವಿ ಬಂದು ಎದುರಿಗೆ ಕೂತಳು. ಚಿತ್ತಾಪುರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ದಿನಕ್ಕೆ ಐವತ್ತು ಮಂದಿಗೆ ಸೂಜಿ ಚುಚ್ಚುವವಳಿಗೆ ಯಾರ ಮುಂದೆ ಕೂರಲೂ ಸಂಕೋಚವಿಲ್ಲ.

"ಮುಂದ ಏನು ಮಾಡ್ಬೇಕಂತೀರಿ?" ಎಂದು ನೇರವಾಗಿ ದೇವಿಂದ್ರನನ್ನೇ ಕೇಳಿದಳು.

ದೇವಿಂದ್ರ ದೊಡ್ಡಪ್ಪನ ಮುಖ ನೋಡಿದ.

"ಅದನ್ನ ನಾ ಹೇಳ್ತೀನಿ ತಂಗಿ," ಎಂದ ಅಂಬಾರಾಯ. "ನಮ್ ಹುಡುಗಂದು ಇನ್ನೂ ಪಕ್ಕಾ ನೌಕ್ರಿ ಆಗಿಲ್ಲ. ಅದಕ್ಕ ಬೀಗರ ಕೈ ಗಟ್ಟಿ ಇರಬೇಕು ಅಂತ ನಮ್ ಆಸೆ. ಆದ್ರ ಬರೂ ದಾರ್ಯಾಗ ಈ ಹಿರಿಯರು ನಿಮ್ ಮಷೀನು ಸಾಯಾಕತ್ತದ ಅಂದ್ರು. ಖರೇ ಏನ್ರಿ?"

ಚಂದ್ರಾಮಪ್ಪನವರು ಸೂರು ನೋಡಿದರು.

ಶಂಕರಲಿಂಗ ಗಂಟಲು ಸರಿಮಾಡಿಕೊಂಡು ಮೊದಲನೆಯ ಭಾಷಣ ಬಿಚ್ಚಿದ. ದೊಡ್ಡ ದೊಡ್ಡ ಬ್ಯಾಂಕುಗಳೆಲ್ಲ ಇವತ್ತಿಗೂ ನಡೆಯುವುದು ಮೇನ್‌ಫ್ರೇಮಿನ ಮೇಲೆ, ಮೊಬೈಲಿನಲ್ಲಿ ನಾವು ಬೆರಳು ಒತ್ತಿದರೂ ಎಷ್ಟೋ ಸಲ ಕಡೆಗೆ ಹೋಗಿ ಮುಟ್ಟುವುದು ಅಂಥ ಒಂದು ಪೆಟ್ಟಿಗೆಗೇ, ಅದು ಆಲದ ಮರ ಇದ್ದಂತೆ ಎಂದ. ಅಂಬಾರಾಯ ತಲೆದೂಗಿದ. ಆಮೇಲೆ ಮೀಸೆ ಒರೆಸಿಕೊಂಡು ಎದ್ದು ನಿಂತ.

"ಭಾಳ ಛಲೋ. ನಡೀರಿ ಹಂಗಾರ, ಒಂದ್ಸಲ ಆ ಆಲದ ಮರ ಕಣ್ಣಿಲೆ ನೋಡೇ ಬಿಡಮು."

ಇಲ್ಲವೆಂದರೆ ಅನುಮಾನ, ಹೂಂ ಎಂದರೆ ಅಪಾಯ. ಮೇಡಂ ಬರುವುದು ಎರಡು ಗಂಟೆಗೆ ತಾನೆ, ಅಷ್ಟರಲ್ಲಿ ತೋರಿಸಿ ಕಳಿಸಿದರಾಯಿತು ಎಂದುಕೊಂಡು ಶಂಕರಲಿಂಗ ಗೇಟಿನಲ್ಲಿ ಚೀಟಿ ಮಾಡಿಸಿ ಮೂವರನ್ನೂ ಒಳಗೆ ಕರೆದೊಯ್ದ. ಮೂರನೆಯವರು ಚಂದ್ರಾಮಪ್ಪ. ಹೊರಗೆ ಬಿಸಿಲು ಹೆಂಚು ಕಾದಂತೆ ಕಾದಿತ್ತು. ವಾಡಿಯಲ್ಲೆಲ್ಲ ತಣ್ಣಗಿರುವ ಕೋಣೆ ಮಷೀನಿನದೊಂದೇ. ಅಂಥ ಅವಕಾಶ ಬಿಡುವಷ್ಟು ವಿರಕ್ತರಲ್ಲ ಅವರು.

ಬಾಗಿಲು ತೆಗೆದರೆ ಮೇಡಂ ಆಗಲೇ ಒಳಗೆ ಕೂತಿದ್ದರು.

ಐವತ್ತರ ಹತ್ತಿರದ ವಯಸ್ಸು, ಹತ್ತಿಯ ಸೀರೆ, ತೊಡೆಯ ಮೇಲೆ ಲ್ಯಾಪ್‌ಟಾಪು. "ಕಮ್, ಕಮ್. ಐ ಆ್ಯಮ್ ಅರ್ಲಿ," ಎಂದರು. ಉಳಿದ ಮೂವರು ಯಾರು ಎಂಬಂತೆ ನೋಡಿದರು.

"ವಿಸಿಟರ್ಸ್, ಮೇಡಂ," ಎಂದ ಶಂಕರಲಿಂಗ. ಮರುಕ್ಷಣ ಒಂದು ಸಮಾಧಾನ ಹೊಳೆಯಿತು. ಮುಂಬೈ ಮೇಡಂಗೆ ಕನ್ನಡ ಬರುವುದಿಲ್ಲ. ಐನಾಪುರದ ಅಂಬಾರಾಯನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು?

"ಟೆಲ್ ಮಿ ಫ್ರಾಂಕ್ಲಿ," ಎಂದರು ಮೇಡಂ. "ಈಸ್ ದಿಸ್ ಥಿಂಗ್ ಗ್ರೋಯಿಂಗ್ ಆರ್ ಡೈಯಿಂಗ್?"

"ಡೈಯಿಂಗ್ ಮೇಡಂ! ಡೇ ಬೈ ಡೇ ಡೈಯಿಂಗ್!"

"ಏನಂತಾರ್ರಿ ಮ್ಯಾಡಂ ಬಾಯಾರು?" ಎಂದ ಅಂಬಾರಾಯ.

"ಮಷೀನು ಹ್ಯಾಂಗದ ಅಂತ ಕೇಳಾಕತ್ತಾರ. ದಿನಾ ದಿನಾ ಬೆಳ್ಯಾಕತ್ತದರಿ ಅಂದೆ."

"ಓಲ್ಡ್ ಟೆಕ್ನಾಲಜಿ, ಮೇಡಂ. ನೋಬಡಿ ವಾಂಟ್ಸ್."

"ಈಗೇನಂದ್ರಿ?"

"ಇದರಂಥದ್ದು ಇನ್ನೊಂದಿಲ್ಲ, ಎಲ್ಲಾರಿಗೂ ಬೇಕಾಗ್ಯಾದ ಅಂದೆ."

ಹೀಗೆ ಐದು ನಿಮಿಷ ಶಂಕರಲಿಂಗ ಎಡಕ್ಕೆ ತಿರುಗಿ ಮಷೀನನ್ನು ಸಾಯಿಸಿದ, ಬಲಕ್ಕೆ ತಿರುಗಿ ಬದುಕಿಸಿದ. ಕುತ್ತಿಗೆ ನೋಯತೊಡಗಿತು. ಮಾತಿನ ಮಧ್ಯೆ ಮಧ್ಯಾಹ್ನದ ಲಾರಿ ಚೀಟಿಗಳನ್ನು ಹೊರಡಿಸುವ ಹೊತ್ತಾಯಿತೆಂದು ಕೀಲಿಗಳ ಮೇಲೆ ಕೈಯಾಡಿಸಿದ. ಕೈ ಒಂದು ಕಡೆ, ಕಣ್ಣು ಎರಡು ಕಡೆ. ಪ್ರಿಂಟರು ಎರಡು ಸಲ ಕೆಮ್ಮಿ ನಿಂತಿತು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದವು. ಹತ್ತು ನಿಮಿಷದಲ್ಲಿ ಗೇಟಿನಿಂದ ನಲವತ್ತು ಲಾರಿಗಳು ಒಟ್ಟಿಗೆ ಹಾರನ್ ಹೊಡೆದಿದ್ದು ಕೋಣೆಯ ಗಾಜಿನವರೆಗೂ ಕೇಳಿತು. ಫೋನು ಬಡಿದುಕೊಂಡಿತು. ಗೇಟಿನ ಕಾವಲುಗಾರ ಬಂದೇಅಲಿ: "ಸಾಬ್, ಡ್ರೈವರ್ ಮಂದಿ ನನ್ನ ಕ್ಯಾಬಿನ್ ಎತ್ತಿ ಒಯ್ಯಾಕತ್ತಾರ!"

ಇಪ್ಪತ್ತೊಂಬತ್ತು ವರ್ಷದಲ್ಲಿ ಕಾಣದ ತಪ್ಪು. ಶಂಕರಲಿಂಗ ಬೆವರುತ್ತ ಒಂದೊಂದೇ ಸಾಲು ಹುಡುಕತೊಡಗಿದ. ಚಂದ್ರಾಮಪ್ಪನವರು "ಒಂದ್ಸಲ ಬಂದ್ ಮಾಡಿ ಚಾಲೂ ಮಾಡ್ರಿ" ಎಂದು ಸಲಹೆ ಕೊಟ್ಟರು. ಮೇಡಂ ನೋಡಿದ ನೋಟಕ್ಕೆ ಹಿಂದೆ ಸರಿದು ಬಾಗಿಲಿಗೆ ಅಂಟಿದರು.

ಆಗ, ಮುಂಜಾನೆಯಿಂದ ಬಾಯಿ ಬಿಡದಿದ್ದ ದೇವಿಂದ್ರ ಮೆಲ್ಲಗೆ ಬಗ್ಗಿ ಪರದೆಯನ್ನು ನೋಡಿದ. "ತಾರೀಖು ತಪ್ಪು ಬಿದ್ದದೇನ್ರಿ? ಇವತ್ತು ಹನ್ನೆರಡು. ನೀವು ಇಪ್ಪತ್ತೊಂದು ಹೊಡದೀರಿ."

ಹೌದು. ಶಂಕರಲಿಂಗ ಅಂಕಿ ತಿದ್ದಿದ. ಪ್ರಿಂಟರು ಗಂಟಲು ಬಿಟ್ಟಿತು, ಚೀಟಿಗಳು ಮಳೆಹುಳುಗಳಂತೆ ಹೊರಬಿದ್ದವು, ಹಾರನ್ ಸದ್ದು ಒಂದೊಂದಾಗಿ ಅಡಗಿತು.

ಮೇಡಂ ಲ್ಯಾಪ್‌ಟಾಪು ಮುಚ್ಚಿದರು.

"ಶಂಕರಲಿಂಗಪ್ಪನೋರೇ," ಎಂದರು, "ನಾ ಉಮಾದೇವಿ ಅಂತ. ಶಹಾಬಾದ್‌ದಾಗ ಹುಟ್ಟಿ ಬೆಳದಾಕಿ. ನೀವು ಈ ಕಡಿ ಒಂದು ಆ ಕಡಿ ಒಂದು ಹೇಳಿದ್ದೆಲ್ಲಾ ಕೇಳೀನಿ. ಈಗ ಒಂದೇ ಕಡಿ ಮುಖ ಮಾಡಿ ಹೇಳ್ರಿ, ಖರೇ ಯಾವ್ದು?"

ಅಂಬಾರಾಯ ಮೀಸೆಯ ಮೇಲಿನ ಕೈಯನ್ನು ಹಾಗೇ ನಿಲ್ಲಿಸಿದ. ಓಡಿಹೋಗಲು ಬಾಗಿಲಿಗೆ ಚಂದ್ರಾಮಪ್ಪನವರು ಅಡ್ಡ. ಶಂಕರಲಿಂಗ ಮಷೀನನ್ನೊಮ್ಮೆ ನೋಡಿದ. ಅದರ ಮೇಲೆ ಅವನಿಗೆ ಸಿಟ್ಟಿತ್ತೇ ಹೊರತು ತಿರಸ್ಕಾರವಿರಲಿಲ್ಲ.

"ಎರಡೂ ಖರೇರಿ ಮೇಡಂ," ಎಂದ ಕಡೆಗೆ. "ಸಣ್ಣ ಸಣ್ಣ ಕಂಪನಿಯವರು ಇದನ್ನ ತಗದು ಹಾಕಾಕತ್ತಾರ. ದೊಡ್ಡವರು ಬಿಡವಲ್ರು, ಮ್ಯಾಲ ಮ್ಯಾಲ ಕೆಲಸ ಹೇರಾಕತ್ತಾರ. ಮಷೀನಿಗೇನೂ ಆಗಿಲ್ಲ. ಇದನ್ನ ತಿಳಕೊಂಡ ಮಂದಿ ಮುದುಕರಾಗ್ಯಾರ. ನನಗೂ ಸಾಕಾಗ್ಯಾದ. ಮಗಳ ಮದುವ್ಯಾಗ ಪೂರಾ ಕುಂದ್ರಬೇಕು ಅಂತ ಆಸೆ ಅದರಿ, ಅದಕ್ಕ ಸುಳ್ಳು ಹೇಳಿದೆ."

ಉಮಾದೇವಿ ಲ್ಯಾಪ್‌ಟಾಪು ಮತ್ತೆ ತೆರೆದರು. ಆಮೇಲೆ ನಕ್ಕರು. "ಇದನ್ನೇ ನಾ ಬರೀತೀನಿ. ಮಷೀನು ಇರ್ತದ. ಆದ್ರ ಇನ್ನೊಬ್ಬರು ತಯಾರಾಗ್ಬೇಕು. ಒಂದು ಜಾಗ ಮಂಜೂರಾಗಿ ಆರು ತಿಂಗಳಾತು, ಈ ಹಳೀ ಭಾಷಾ ಕಲೀತೀನಿ ಅಂತ ಯಾರೂ ಬರ್ಲಿಲ್ಲ." ದೇವಿಂದ್ರನ ಕಡೆ ತಿರುಗಿದರು. "ನೀ ಕಲೀತಿಯೇನಪಾ? ಎರಡು ವರ್ಷ ಟ್ರೇನಿಂಗ್, ಆಮೇಲೆ ಪಕ್ಕಾ."

ದೇವಿಂದ್ರ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಅವನಿಗಿಂತ ಮೊದಲೇ "ಕಲೀತಾನ್ರೀ!" ಎಂದು ಕೂಗಿಬಿಟ್ಟಿದ್ದ.

ಮೇಡಂ ಹುಡುಗನ ಡಿಪ್ಲೊಮಾ ವಿಚಾರಿಸಿಕೊಂಡು ಅಲ್ಲೇ ಮುಂಬೈಗೆ ಫೋನು ಹಚ್ಚಿದರು. ಅರ್ಧ ಗಂಟೆಯಲ್ಲಿ ಮೇಲಿನವರ ಒಪ್ಪಿಗೆ ಬಂತು. ದೇವಿಂದ್ರ ಮಷೀನಿಗೆ ಕೈಮುಗಿದು, ಶಂಕರಲಿಂಗನ ಕಾಲು ಮುಟ್ಟಿ, "ಎಲ್ಲಾ ನಿಮ್ ಆಶೀರ್ವಾದರಿ ಮಾವಾರ," ಎಂದ. ಅಂಬಾರಾಯ ಶಂಕರಲಿಂಗನನ್ನು ಉಸಿರುಗಟ್ಟುವಂತೆ ಅಪ್ಪಿಕೊಂಡ. ಹುಡುಗನಿಗೆ ಕೆಲಸ, ತನಗೆ ಎರಡು ವರ್ಷದಲ್ಲಿ ಬಿಡುಗಡೆ, ಮನೆಯಲ್ಲೇ ಅಳಿಯ. ತಾನು ಹೇಳಿದ ಎರಡು ಸುಳ್ಳುಗಳನ್ನು ಒಂದು ನಿಜ ಇಷ್ಟು ಚಂದವಾಗಿ ದಡ ಮುಟ್ಟಿಸೀತೆಂದು ಶಂಕರಲಿಂಗ ಕನಸಿನಲ್ಲೂ ಎಣಿಸಿರಲಿಲ್ಲ. ಮಧ್ಯಾಹ್ನದ ಗಾಡಿಗೆ ಬೀಗರನ್ನು ಹತ್ತಿಸಿ ಬರುವ ಕೆಲಸವನ್ನು ಚಂದ್ರಾಮಪ್ಪನವರು ತಾವಾಗಿಯೇ ಹೊತ್ತುಕೊಂಡರು. ಗಾಡಿ ಎರಡು ತಾಸು ತಡವಿತ್ತು.

ಸಂಜೆ ಶಿವಕಾಂತಮ್ಮ ಎರಡನೆಯ ಸಲ ಶಿರಾ ಮಾಡಿದಳು. ಬಾಯಿಗಿಡುವಷ್ಟರಲ್ಲಿ ಅಂಬಾರಾಯನ ಫೋನು ಬಂತು.

"ಶಂಕರಲಿಂಗಪ್ಪನೋರೇ, ನಿಮ್ ಉಪಕಾರ ಏಳು ಜನ್ಮ ಮರಿಯಂಗಿಲ್ರಿ. ಹುಡುಗಿನೂ ಬಂಗಾರದಂಥಾಕಿ. ಆದ್ರ ಈಗ ಹುಡುಗಂದು ಪಕ್ಕಾ ನೌಕ್ರಿ ಆತಲ್ರಿ, ಮನಿಯಾಗ ಹೆಣ್ಮಕ್ಕಳು ನಾಕು ಕಡಿ ನೋಡಮು ಅಂತಾರ. ಸ್ಟೇಷನ್ನಿನ್ಯಾಗ ಚಂದ್ರಾಮಪ್ಪನೋರು ತಮ್ಮ ಅಣ್ಣನ ಮೊಮ್ಮಗಳ ಫೋಟೋ ತೋರಿಸ್ಯಾರ. ನಮಗ ಮನಸಿಗೆ ಬಂದದರಿ. ನೀವು ತಪ್ಪು ತಿಳೀಬ್ಯಾಡ್ರಿ."

ಶಂಕರಲಿಂಗ ಫೋನು ಕೆಳಗಿಟ್ಟು ಹೇಳಿದ. ಶಿವಕಾಂತಮ್ಮ ಚಂದ್ರಾಮಪ್ಪನವರ ಮನೆಯ ಕಡೆಯ ಕಿಟಕಿಯನ್ನು ಇಡೀ ಲೈನಿಗೆ ಕೇಳುವಂತೆ ಬಡಿದು ಮುಚ್ಚಿದಳು. ಜಗದೇವಿ ಮಾತ್ರ ಬಟ್ಟಲು ಕೈಗೆತ್ತಿಕೊಂಡು ಶಿರಾ ತಿನ್ನಲು ಕೂತಳು.

"ನನಗೇನು ಬ್ಯಾಸರಿಲ್ಲಪ್ಪಾ," ಎಂದಳು. "ಒಂದು ಮಾತಿಗೆ ಹತ್ತು ಸಲ ದೊಡ್ಡಪ್ಪನ ಮುಖ ನೋಡ್ತಾನ. ನಾ ಉಳದೆ. ಇನ್ನು ಎರಡು ವರ್ಷ ಅವನ ಜೋಡಿ ಸಂಸಾರ ಮಾಡಾಂವ ನೀನು."

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ದೇವಿಂದ್ರ. ದನಿಯಲ್ಲಿ ವಿನಯ ತುಂಬಿ ತುಳುಕುತ್ತಿತ್ತು.

"ಸರ್, ನಾಳೆ ಎಷ್ಟು ಗಂಟೆಗೆ ಬರ್ಲಿರಿ? ಮತ್ತ ಸರ್, ಬುತ್ತಿ ಕಟಗೊಂಡು ಬರ್ಲೋ, ಇಲ್ಲಾ ನಿಮ್ ಮನಿಯಾಗೇ ಆಗ್ತದೇನ್ರಿ ಅಂತ ದೊಡ್ಡಪ್ಪ ಕೇಳಂದಾರ."