ಉಲ್ಕಾವೀರ ಸತ್ತ ಮೇಲಿನ ಸಂಚಿಕೆ

ಸಾಯುವುದೇ ಆದರೆ ನೆಟ್ಟಗೆ ಸಾಯಬೇಕು, ಸತ್ತ ಮೇಲೆ ಸುಮ್ಮನಿರಬೇಕು ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ಕಾಮಿಕ್ಸ್ ಪುಸ್ತಕದ ಮಹಾವೀರರ ವಿಷಯ. ಮೈಗಂಟಿದ ಬಟ್ಟೆ ತೊಟ್ಟು, ಬೆನ್ನ ಹಿಂದೆ ಒಂದು ಶಾಲು ಹಾರಿಬಿಟ್ಟುಕೊಂಡು ಊರು ಕಾಯುತ್ತಾರಲ್ಲ, ಅವರು. ಐವತ್ತೇಳು ದಾಟಿದ, ಶುಗರ್ ಮಾತ್ರೆ ನುಂಗುವ, ನಿವೃತ್ತಿಗೆ ಹತ್ತಿರವಾದ ಚಿತ್ರಕಲಾ ಮಾಸ್ತರನೊಬ್ಬ ಇಂಥ ಪುಸ್ತಕ ಓದುತ್ತಾನೆ ಎಂದು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯೇ. ನನ್ನ ಹೆಂಡತಿ ಶಾಂತಾಳಿಗೆ ಆ ನಾಚಿಕೆ ಇನ್ನೂ ಹೆಚ್ಚು. "ಮಂದಿ ಈ ವಯಸ್ಸಿನಾಗ ಪುರಾಣ ಓದ್ತಾರ. ನೀವು ಪ್ಯಾಂಟಿನ ಮ್ಯಾಲ ಚಡ್ಡಿ ಹಾಕ್ಕೊಂಡವನ ಪುಸ್ತಕ ಹಿಡ್ಕೊಂಡು ಕುಂತೀರಿ" ಎನ್ನುತ್ತಾಳೆ. ಪುರಾಣದಲ್ಲೂ ಹಾರುವವರಿದ್ದಾರೆ ಎಂದು ಒಮ್ಮೆ ಹೇಳಿ ನೋಡಿದೆ. ಆ ದಿನ ಮಧ್ಯಾಹ್ನದ ಊಟಕ್ಕೆ ಪಲ್ಯ ಇರಲಿಲ್ಲ.

ಆದರೆ ಓದುವವರ ಸಂಕಟ ಓದುವವರಿಗೇ ಗೊತ್ತು. ತಿಂಗಳುಗಟ್ಟಲೆ ಒಬ್ಬನನ್ನು ನಂಬಿಕೊಂಡು ಬಂದಿರುತ್ತೇವೆ. ಕಥೆ ಬರೆಯುವವನಿಗೆ ಒಂದು ದಿನ ಏನೂ ತೋಚುವುದಿಲ್ಲ. ವೀರನಿಗೆ ನೆನಪು ಹೋಗುವಂತೆ ಮಾಡುತ್ತಾನೆ. ಅದೂ ಸಾಲದಿದ್ದರೆ ಖಳನನ್ನು ಅವನ ಕಳೆದುಹೋದ ತಮ್ಮ ಎನ್ನುತ್ತಾನೆ. ಹತ್ತು ವರ್ಷ ಓಡಾಡಿಸಿ ಮಾಡಿದ ಮದುವೆಯನ್ನು ಒಬ್ಬ ಮಾಂತ್ರಿಕ ಚಿಟಿಕೆ ಹೊಡೆದು ಆಗಿಯೇ ಇಲ್ಲದಂತೆ ಮಾಡುತ್ತಾನೆ. ನಾವು ಸಂತೋಷಪಟ್ಟಿದ್ದೆಲ್ಲ ದಂಡ. ಎಲ್ಲಕ್ಕಿಂತ ಹೊಲಸು ಎಂದರೆ ಸತ್ತವನನ್ನು ಎಬ್ಬಿಸುವುದು. ಸತ್ತದ್ದು ಅವನಲ್ಲ, ಅವನ ಹಾಗೇ ಇದ್ದ ಇನ್ನೊಬ್ಬ ಎನ್ನುವುದು. ನಾವು ಅತ್ತಿದ್ದೆವಲ್ಲ, ಆ ಕಣ್ಣೀರಿಗೆ ಯಾರು ಜವಾಬ್ದಾರರು? ಈ ಪ್ರಶ್ನೆಯನ್ನು ನಾನು ಚಿತ್ತಾಪುರದ ಶಾಲೆಯ ಸ್ಟಾಫ್ ರೂಮಿನಲ್ಲಿ ಎತ್ತಿದಾಗಲೆಲ್ಲ ಸಹೋದ್ಯೋಗಿಗಳಿಗೆ ತುರ್ತಾಗಿ ಕ್ಲಾಸು ನೆನಪಾಗುತ್ತದೆ. ನನ್ನಿಂದಾಗಿ ನಮ್ಮ ಶಾಲೆಯಲ್ಲಿ ಪಾಠಗಳು ವೇಳೆಗೆ ಸರಿಯಾಗಿ ನಡೆಯುತ್ತವೆ.

ನನ್ನ ಮಾತನ್ನು ಪೂರ್ತಿ ಕೇಳುತ್ತಿದ್ದವನು ಮಹಬೂಬ ಒಬ್ಬನೇ. ಶಹಾಬಾದಿನಲ್ಲಿ ನಮ್ಮ ಮನೆಗಳು ಒಂದೇ ಓಣಿಯಲ್ಲಿದ್ದವು. ಮದುವೆಯಾದ ಮೇಲೆ ಅವನು ಭಂಕೂರಿಗೆ ಹೋದ. ಅವನು ಓದಿದ್ದು ಉರ್ದು ಶಾಲೆಯಲ್ಲಿ, ನಾನು ಕನ್ನಡ ಶಾಲೆಯಲ್ಲಿ. ಕಾಮಿಕ್ಸ್ ಬರುತ್ತಿದ್ದುದು ಹಿಂದಿಯಲ್ಲಿ, ವಾಡಿ ಸ್ಟೇಷನ್ನಿನ ಪುಸ್ತಕದಂಗಡಿಗೆ. ನನಗೆ ಹಿಂದಿ ಅಕ್ಷರ ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಅವನಿಗೆ ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ಜೋರಾಗಿ ಓದಬೇಕು, ಅವನು ಅರ್ಥ ಹೇಳಬೇಕು. ಹೀಗೆ ಇಬ್ಬರು ಸೇರಿ ಒಬ್ಬ ಓದುಗನಾಗಿದ್ದೆವು. ನಮ್ಮ ದೈವ ಉಲ್ಕಾವೀರ. ಆಕಾಶದಿಂದ ಬಿದ್ದ ಕಲ್ಲು ತಗುಲಿ ಶಕ್ತಿ ಬಂದವನು. ಗುಡ್ಡವನ್ನು ಒಂದೇ ಗುದ್ದಿಗೆ ಒಡೆಯುತ್ತಿದ್ದ. ಮಹಬೂಬನಿಗೆ ಅದೊಂದು ಮಾತ್ರ ಸೇರುತ್ತಿರಲಿಲ್ಲ. ಅವನಪ್ಪ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುವವನು. "ಕಲ್ಲು ಹಂಗ ಒಡಿತದೇನೋ? ಪದರ ನೋಡಬೇಕು, ಪದರದಾಗ ಉಳಿ ಇಟ್ಟು ಸಾವಕಾಶ ಬಡೀಬೇಕು. ಇವನು ಹಿಂಗ ಗುದ್ದಿದ್ರ ಬರೇ ಜಲ್ಲಿ ಆಗ್ತದ, ಯಾರು ತಗೋತಾರ?" ಎಂದು ಜಗತ್ತು ಉಳಿಸುತ್ತಿರುವವನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಉಲ್ಕಾವೀರ ಸತ್ತ. ಕೊನೆಯ ಪುಟದಲ್ಲಿ ಕಣ್ಣು ಮುಚ್ಚಿ ಮಲಗಿದ್ದ, ಊರವರೆಲ್ಲ ಸುತ್ತ ನಿಂತು ಅಳುತ್ತಿದ್ದರು. ನಾನೂ ಅತ್ತೆ. ಮಹಬೂಬ ಅಳಲಿಲ್ಲ, ಎರಡು ದಿನ ಊಟ ಮಾಡಲಿಲ್ಲ. ಮುಂದಿನ ತಿಂಗಳು ವಾಡಿಗೆ ಓಡಿದರೆ ಅಂಗಡಿಯವನು "ಮಾಲ್ ಬಂದಿಲ್ಲ" ಅಂದ. ಆ ಸಂಚಿಕೆ ಬರಲೇ ಇಲ್ಲ. ಅದರ ಮುಂದಿನದು ಬಂತು. ನೋಡಿದರೆ ಉಲ್ಕಾವೀರ ಏನೂ ಆಗದವನಂತೆ ಬ್ಯಾಂಕ್ ದರೋಡೆ ತಡೆಯುತ್ತಿದ್ದಾನೆ! ಹೇಗೆ ಎದ್ದ? ಯಾರು ಎಬ್ಬಿಸಿದರು? ಗೊತ್ತಿಲ್ಲ. ಮಹಬೂಬ ಆ ಪುಸ್ತಕವನ್ನು ಒಂದು ವಾರ ಇಟ್ಟುಕೊಂಡು ಚಿತ್ರ ನೋಡಿ ನೋಡಿ ಕಡೆಗೆ ತೀರ್ಪು ಕೊಟ್ಟ. "ಇವ ಅವನಲ್ಲ. ಸೊಂಟ ನೋಡು, ದಪ್ಪಾಗ್ಯಾದ. ಸತ್ತವ ಸತ್ತಾನ. ಇವ ಅವನ ದರ್ಜಿ."

ದರ್ಜಿಯೇ? ಹೌದು, ದರ್ಜಿ. ಅಂಥ ಬಿಗಿಯಾದ ಬಟ್ಟೆಯನ್ನು ಯಾರೋ ಹೊಲಿದಿರಬೇಕಲ್ಲ. ಉಲ್ಕಾವೀರನ ಗುಟ್ಟು ಗೊತ್ತಿರುವವನು ಅಳತೆ ತೆಗೆದುಕೊಂಡವನೊಬ್ಬನೇ. ಊರು ಹೆದರಬಾರದೆಂದು ಗೆಳೆಯನನ್ನು ಗುಟ್ಟಾಗಿ ಮಣ್ಣು ಮಾಡಿ, ಅದೇ ಬಟ್ಟೆಯನ್ನು ತನ್ನ ಸೊಂಟಕ್ಕೆ ಸಡಿಲಿಸಿಕೊಂಡು ತಾನೇ ತೊಟ್ಟುಕೊಂಡಿದ್ದಾನೆ. ಇದು ಮಹಬೂಬನ ಸಂಚಿಕೆ. ನಾವಿಬ್ಬರೂ ಅದನ್ನು ನಂಬಿಬಿಟ್ಟೆವು. ಮುಂದೆ ಉಲ್ಕಾವೀರ ಎಡವಿದರೆ, ಹೊಡೆತ ತಿಂದರೆ, ನಮಗೆ ಕಣ್ಣು ತುಂಬುತ್ತಿತ್ತು; ಪಾಪ, ದರ್ಜಿ, ಎಷ್ಟು ಕಷ್ಟಪಡುತ್ತಿದ್ದಾನೆ! ನಾನು ಕಲಬುರಗಿಯಲ್ಲಿ ಚಿತ್ರಕಲೆ ಕಲಿಯುವಾಗ ನಿಜ ತಿಳಿಯಿತು. ಚಿತ್ರ ಬರೆಯುವವನು ಬದಲಾಗಿದ್ದ, ಅಷ್ಟೆ. ಬಂದು ಹೇಳಿದೆ. "ಬರಿಯವ ಬದಲಾದ್ರ ಸೊಂಟ ಯಾಕ ದಪ್ಪಾಗ್ತದ?" ಅಂದ. ನಾನು ಆಗ ಬರೆಯುತ್ತಿದ್ದ ದೇವತೆಗಳ ಸೊಂಟವೂ ದಪ್ಪಗೇ ಬರುತ್ತಿದ್ದುದು ನೆನಪಾಗಿ ಮಾತು ಬದಲಿಸಿದೆ.

ಮಹಬೂಬ ಅಪ್ಪನ ಉಳಿ ಹಿಡಿದ, ಆಮೇಲೆ ಕಲ್ಲು ಕೊಯ್ಯುವ ಮಷೀನಿಗೆ ಹೋದ. ಮೂವತ್ತು ವರ್ಷ ಬಿಳಿ ಧೂಳಿನಲ್ಲಿ ನಿಂತ. ಸಂಜೆ ಮನೆಗೆ ಬಂದಾಗ ಹುಬ್ಬು, ಗಡ್ಡ ಎಲ್ಲ ಬೆಳ್ಳಗೆ; ಮುಖ ತೊಳೆದ ಮೇಲೆ ಹತ್ತು ವರ್ಷ ಚಿಕ್ಕವನಾಗುತ್ತಿದ್ದ. ನಾವು ಅದನ್ನೇ ನಗೆಯಾಡುತ್ತಿದ್ದೆವು. ನಗಬಾರದಿತ್ತು. ಎರಡು ವರ್ಷದ ಹಿಂದೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಕಲಬುರಗಿಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಪುಪ್ಪುಸ ಕಲ್ಲಿನ ಧೂಳಿನಿಂದ ಗಟ್ಟಿಯಾಗಿದೆ, ತಿರುಗಿ ಮೆತ್ತಗಾಗುವುದಿಲ್ಲ ಅಂದರು. ಹೊರಗೆ ಬಂದ ಮೇಲೆ ಮಹಬೂಬ ಅಂದ, "ಉಲ್ಕಾವೀರಗ ಒಂದ ಕಲ್ಲು ತಗಲಿ ಶಕ್ತಿ ಬಂತು ನೋಡು. ನನ್ನ ಒಳಗ ಒಂದು ಖಣಿನೇ ಅದ, ಬಸ್ ಹತ್ತಲಿಕ್ಕ ಆಗವಲ್ದು."

ಮನೆಯಲ್ಲಿ ಆಕ್ಸಿಜನ್ ಮಷೀನು ಬಂತು. ಭಂಕೂರಿನ ಗಾಳಿಯಲ್ಲೂ ಅದೇ ಧೂಳು. ಮಷೀನಿನ ಫಿಲ್ಟರು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಹೊಸ ಫಿಲ್ಟರು ತರಲು ಒಂದು ಭಾನುವಾರ ನಾನು ಹೈದರಾಬಾದಿಗೆ ಹೋದೆ. ಫಿಲ್ಟರು ಕೊಂಡು, ಫುಟ್‌ಪಾತಿನ ಹಳೇ ಪುಸ್ತಕಗಳನ್ನು ಚಟಕ್ಕೆ ಕೆದಕುತ್ತಾ ಹೋದವನಿಗೆ ಒಂದು ರಾಶಿಯ ಬುಡದಲ್ಲಿ ಸಿಕ್ಕಿತು, ವಾಡಿಗೆ ಬಾರದ ಆ ಸಂಚಿಕೆ. ಅಂಗಡಿಯವನು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟ.

ಸೇಡಂ ಬಸ್ಸಿನಲ್ಲಿ ಕೂತು ತೆರೆದೆ. ಮೊದಲ ಪುಟದಲ್ಲೇ ಉಲ್ಕಾವೀರ ಹಾಸಿಗೆಯ ಮೇಲೆ ಎದ್ದು ಕೂತು ಕಣ್ಣುಜ್ಜಿಕೊಳ್ಳುತ್ತಿದ್ದಾನೆ. "ಅಬ್ಬಾ, ಎಂಥ ಕೆಟ್ಟ ಕನಸು!" ಮುಗಿಯಿತು. ಸತ್ತದ್ದು, ಊರು ಅತ್ತದ್ದು, ಮಹಬೂಬ ಊಟ ಬಿಟ್ಟದ್ದು, ಎಲ್ಲ ಕನಸು. ಉಳಿದ ಪುಟಗಳಲ್ಲಿ ಅವನು ಹಲ್ಲುಜ್ಜಿ ಕಳ್ಳನನ್ನು ಹಿಡಿಯುತ್ತಾನೆ. ನಲವತ್ತು ವರ್ಷದ ಸಿಟ್ಟು ಒಮ್ಮೆಗೇ ಬಂತು. ದರ್ಜಿಯೂ ಇಲ್ಲ, ಏನೂ ಇಲ್ಲ. ಇದನ್ನು ಮಹಬೂಬನಿಗೆ ಹೇಗೆ ಓದಿ ಹೇಳಲಿ? ಅವನಿಗಂತೂ ಅಕ್ಷರ ಬಾರದು. ನಾನು ಏನು ಓದಿದರೂ ಅದೇ ಕಥೆ. ಆದರೆ ಚಿತ್ರ? ಹಾಸಿಗೆಯ ಮೇಲೆ ಕೂತ ಆ ಮಂಕನನ್ನು ಎಲ್ಲಿ ಬಚ್ಚಿಡಲಿ? ಸೇಡಂನಲ್ಲಿ ಬಸ್ಸು ಬದಲಿಸಿ ಬರುವಾಗ ಕಾಗಿಣಾ ಹೊಳೆಗೆ ಎಸೆದುಬಿಡೋಣ ಎಂದುಕೊಂಡೆ. ಕಿಟಕಿಯ ಗಾಜು ಸರಿಯಲಿಲ್ಲ.

"ಸಿಕ್ತೇನು?" ಎಂದ ಮಹಬೂಬ, ನಾನು ಒಳಗೆ ಕಾಲಿಡುತ್ತಲೇ. ಮೂಗಿಗೆ ಪೈಪು, ಬೆನ್ನಿಗೆ ಮೂರು ದಿಂಬು.

"ಫಿಲ್ಟರ್ ಸಿಕ್ತು."

"ಫಿಲ್ಟರ್ ಸುಡುಗಾಡಿಗಿ ಹಾಕು. ನಿನ್ನ ಮಾರಿ ಮ್ಯಾಲ ಬರದದ. ತೆಗಿ."

ತೆಗೆದೆ. ಮೊದಲ ಚಿತ್ರವನ್ನು ಬಹಳ ಹೊತ್ತು ನೋಡಿದ. "ಕನಸೇನು?" ಅಂದ. ಹೂಂ ಅಂದೆ. ಅವನಿಗೆ ನಗು ಬಂತು, ನಗು ಕೆಮ್ಮಾಯಿತು, ಅವನ ಹೆಂಡತಿ ರಜಿಯಾ ಓಡಿಬಂದು ಬೆನ್ನು ಸವರಿದಳು. ಉಸಿರು ನೆಲೆಗೆ ಬಂದ ಮೇಲೆ ಪುಸ್ತಕವನ್ನು ನನ್ನ ಕಡೆ ಸರಿಸಿದ. "ಮೋಸ ಮಾಡ್ಯಾರ, ಮಾಸ್ತರ. ದರ್ಜಿಗಿ ಮೋಸ ಆಗ್ಯಾದ. ನೀ ಇಷ್ಟು ವರ್ಷ ಮಂದಿ ಬರದಿದ್ದಕ್ಕ ಬೈಕೋತ ಬಂದಿ. ಕೈಯಾಗ ಕುಂಚ ಅದ ಇಲ್ಲೋ? ನೀ ಬರಿ. ನಾ ಹೇಳ್ತೀನಿ."

ಹೀಗೆ ನಮ್ಮ ಸಂಚಿಕೆ ಶುರುವಾಯಿತು. ಮೂವತ್ತೆರಡು ಪುಟ, ಕಡಿಮೆ ಮಾಡಕೂಡದು ಎಂದು ಅವನ ಹಟ. ಶಾಲೆ ಬಿಟ್ಟ ಮೇಲೆ ರೈಲು ಹಿಡಿದು ಬಂದು ಅವನ ಮಂಚದ ಪಕ್ಕ ಹಲಗೆ ಹಾಕಿಕೊಂಡು ಕೂರುತ್ತಿದ್ದೆ. ಅವನು ಎರಡು ಮಾತು ಹೇಳಿ ನಿಲ್ಲುತ್ತಿದ್ದ, ಉಸಿರೆಳೆದು ಮೂರನೆಯದು ಹೇಳುತ್ತಿದ್ದ. ಶವದ ಪುಟ ಬಂದಾಗ ಖಡಕ್ಕಾಗಿ ಅಂದ, "ಮಾರಿ ಮ್ಯಾಲ ಬಟ್ಟಿ ಮುಚ್ಚು. ಒಮ್ಮೆ ಮುಚ್ಚಿದ್ರ ಮುಗೀತು, ಮತ್ತ ತೆಗಿಬ್ಯಾಡ. ನಿಂದೇ ಕಾಯ್ದೆ ಅಲ್ಲೇನು?" ನನ್ನದೇ. ಹೆಮ್ಮೆಯಿಂದ ಮುಚ್ಚಿದೆ. ಇಪ್ಪತ್ತೇಳನೇ ಪುಟದಲ್ಲಿ ದರ್ಜಿ ಬಟ್ಟೆ ತೊಟ್ಟು ಮೊದಲ ಸಲ ಹೊರಗೆ ಹೊರಡುತ್ತಾನೆ. ಮಹಡಿಯಿಂದ ಹಾರುವಂತೆ ಗೆರೆ ಹಾಕುತ್ತಿದ್ದೆ. ಮಹಬೂಬ ಕೈ ತಡೆದ. "ಅವನಿಗಿ ಹಾರ್ಲಿಕ್ಕ ಎಲ್ಲಿ ಬರ್ತದ? ಮೆಟ್ಲ ಇಳದು ಹೋಗ್ಲಿ." ಮೆಟ್ಟಿಲು ಬರೆದೆ. ಮುಂದೇನು ಎಂದು ಕೇಳಿದೆ. "ಮುಂದಿಂದು ದರ್ಜಿಗೇ ಗೊತ್ತಿಲ್ಲ. ನನಗ್ಯಾಂಗ ಗೊತ್ತಿರ್ತದ?" ಎಂದು ಕಣ್ಣು ಮುಚ್ಚಿದ. ದಣಿದಿದ್ದ.

ಅದಾದ ಮೂರನೇ ದಿನ ಎರಡನೇ ಪೀರಿಯಡ್ಡಿನಲ್ಲಿ ಫೋನು ಬಂತು. ಮಕ್ಕಳಿಗೆ ಹೂದಾನಿ ಬರೆಯಲು ಹೇಳಿ ಹೊರಟೆ. ಮಧ್ಯಾಹ್ನದ ನಮಾಜಿನ ನಂತರ ಅವನನ್ನು ಮಣ್ಣು ಮಾಡಿದರು. ನಮ್ಮ ಕಡೆ ಗೋರಿಯೊಳಗೆ ಮಣ್ಣು ಬೀಳದಂತೆ ಮೇಲೆ ಫರಸಿ ಕಲ್ಲು ಹಾಸುತ್ತಾರೆ. ಒಂದರ ಪಕ್ಕ ಒಂದು ಇಡುವಾಗ ಯಾರೋ ಹಿರಿಯರು, "ಕಲ್ಲು ಚೊಲೋ ಕೊಯ್ದಾರ, ಸಂದು ಇಲ್ಲ" ಅಂದರು. ಯಾರು ಕೊಯ್ದದ್ದೋ ಎಂದು ಯಾರೂ ಕೇಳಲಿಲ್ಲ. ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಮೂರೇ ಹಿಡಿ ಸಾಕೆಂದರೂ ಕೈ ಮತ್ತೆ ಮಣ್ಣಿಗೆ ಹೋಯಿತು. ಏನು ಮಾಡಬೇಕೋ ತಿಳಿಯದೆ ಅದನ್ನು ಹಿಡಿದುಕೊಂಡೇ ಹೊರಗೆ ಬಂದೆ.

ನಲವತ್ತು ದಿನ ಕಳೆದ ಮೇಲೆ ಅವರ ಮನೆಗೆ ಹೋದಾಗ ರಜಿಯಾ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. "ಭಾಯಿಸಾಬ, ಇದು ಮುಗಿಸ್ರಿ. ಅವರು ಕೆಲಸ ಅರ್ಧಾ ಬಿಟ್ಟು ಬಂದವರಲ್ಲರಿ" ಅಂದಳು. ಮುಗಿಸುತ್ತೇನೆ ಎಂದು ಮಾತು ಕೊಟ್ಟೆ. ಐದು ಪುಟ ತಾನೇ? ದರ್ಜಿ ಮೆಟ್ಟಿಲಿಳಿದು ಬೀದಿಗೆ ಬರಬೇಕು, ಮೊದಲ ಹೊಡೆತ ತಿನ್ನಬೇಕು, ಏಳಬೇಕು. ಕೆಟ್ಟ ಕಥೆ ಎಂದರೆ ಯಾವುದು, ಅದು ಎಲ್ಲಿ ಹಾಳಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಚಿತ್ತಾಪುರ ತಾಲೂಕಿನಲ್ಲೇ ಇಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಕೂತೆ. ಇಪ್ಪತ್ತೆಂಟನೇ ಪುಟದಲ್ಲಿ ಶವದ ಮುಖದ ಮೇಲಿನ ಬಟ್ಟೆ ಸ್ವಲ್ಪ ಅಲುಗಿತು. ನಾನೇನೂ ಯೋಚಿಸಿ ಬರೆದದ್ದಲ್ಲ, ಗೆರೆ ಹಾಗೆ ಹೋಯಿತು. ಇಪ್ಪತ್ತೊಂಬತ್ತರಲ್ಲಿ ಅವನು ಬಟ್ಟೆ ಸರಿಸಿ ಎದ್ದು ಕೂತ. ಮೂವತ್ತರಲ್ಲಿ ಚಹಾ ಕೇಳಿದ. ಮೂವತ್ತೊಂದರ ತುಂಬ ಒಂದೇ ಚಿತ್ರ: ಬಾಗಿಲಲ್ಲಿ ನಿಂತು, ಮೂಗಿಗೆ ಪೈಪಿಲ್ಲದೆ, ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದಾನೆ. ಉಲ್ಕಾವೀರನಿಗೆ ಗಡ್ಡವಿರಲಿಲ್ಲ, ಇವನಿಗಿದೆ. ಹೇಗೆ ಎದ್ದ ಎಂಬುದಕ್ಕೆ ನಾನು ಕನಸು ಎಂಬ ನೆಪವನ್ನೂ ಕೊಟ್ಟಿಲ್ಲ. ದರ್ಜಿ ಇನ್ನೂ ಮೆಟ್ಟಿಲ ಮೇಲೇ ನಿಂತಿದ್ದಾನೆ. ಚಹಾ ತಂದ ಶಾಂತಾ ಹಾಳೆಗಳನ್ನು ನೋಡಿದಳು, ಅವುಗಳಿಗೆ ತಾಗದಂತೆ ಲೋಟವನ್ನು ದೂರ ಇಟ್ಟು ಹೋದಳು. ನಾನು ಈವರೆಗೆ ಓದಿದ ಎಲ್ಲ ಕೆಟ್ಟ ಕಥೆಗಳಿಗಿಂತ ಇದು ಕೆಟ್ಟದಾಗಿದೆ, ನನಗೆ ಗೊತ್ತು. ಮೋಸ ಮಾಡಿದಿ ಮಾಸ್ತರ ಎಂದು ಬೈಯಬೇಕಾದ ಓದುಗ ಒಬ್ಬನಿದ್ದ. ಅವನು ಬಂದು ಬೈಯಲಿ ಎಂದು ಆ ಕೊನೆಯ ಪುಟವನ್ನು ಖಾಲಿ ಇಟ್ಟುಕೊಂಡು ಕೂತಿದ್ದೇನೆ.