ಯೂಸುಫಸಾಬರು ರಿಪೇರಿ ಮಾಡಿದ ಗರಗರ

— ಗಿಟಾರಿನ ಗರಗರ ಎಲ್ಲಿ ಹೋತ್ರಿ ಚಾಚಾ? ದೇವರ ಮನ್ಯಾಗ ಗಂಟಿ ಬಾರಿಸಿದಂಗ ಕೇಳಾಕತ್ತೈತಿ!

— ಅಂದ್ರ ಛಲೋ ಬಂದೈತಿ ಅನ್ನು.

ಯೂಸುಫಸಾಬರು ಗಾಜಿನ ವಾಲ್ವುಗಳಿದ್ದ ತಮ್ಮ ಹಳೆಯ ಆಂಪ್ಲಿಫೈಯರಿನ ಬೆನ್ನು ಸವರಿದರು. ಬ್ಯಾಡಗಿಯಲ್ಲಿ ಅವರದು ಮೈಕ್ ಸೆಟ್ ಅಂಗಡಿ. ಯಾವ ಮದುವೆಯಲ್ಲೂ ಅವರ ಸ್ಪೀಕರ್ ಒಮ್ಮೆಯೂ ಗರ್ ಎಂದಿಲ್ಲ ಎಂಬುದೇ ಅವರ ಮಾನ, ಅವರ ಆಸ್ತಿ. ಗಿಟಾರ್ ನುಡಿಸುವ ವಿರೂಪಾಕ್ಷಪ್ಪನಿಗೆ ಬೇಕಾಗಿದ್ದದ್ದು ಆ ಗರ್ ಒಂದೇ. ಸ್ವರವನ್ನು ಒಡೆದು ಗರ್ ಅನ್ನಿಸುವ ಪೆಡಲ್ ಡಬ್ಬಿಯೊಂದನ್ನು ಹುಬ್ಬಳ್ಳಿಯ ಗೆಳೆಯನಿಂದ ಕಡ ತಂದಿದ್ದ, ಸಂಜೆ ಮರಳಿಸಬೇಕು. ಅಷ್ಟರಲ್ಲಿ ಆ ಸದ್ದನ್ನು ರಾಣೆಬೆನ್ನೂರಿನ ಈ ಲಗ್ನಪತ್ರಿಕೆ ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ಹಿಡಿದು, ಕ್ಯಾಸೆಟ್ ಮಾಡಿ ಕಳಿಸಿದರೆ ದಾವಣಗೆರೆಯ ಆರ್ಕೆಸ್ಟ್ರಾದವರು ಸೇರಿಸಿಕೊಳ್ಳುತ್ತೇವೆಂದಿದ್ದರು. ಅದಕ್ಕೆಂದೇ ಯೂಸುಫಸಾಬರನ್ನು ಆಂಪ್ಲಿಫೈಯರ್ ಸಮೇತ ಇಲ್ಲಿಗೆ ಕರೆತಂದಿದ್ದ.

— ಈ ಡಬ್ಬಿಗೆ ಏನ್ ಮಾಡೀರಿ? ಖರೇ ಹೇಳ್ರಿ.

— ಬಿಚ್ಚಿ ನೋಡಿದೆ. ಎರಡು ಡಯೋಡ್ ಕುಂತು ಸ್ವರದ ತಲಿ ಕತ್ತರಸಾಕತ್ತಿದ್ವು. ಕಿತ್ತು ಕಿಸೇದಾಗ ಇಟಗೊಂಡೆ. ಈಗ ಆರಾಮ ಐತಿ.

— ಅದು ರೋಗ ಅಲ್ರೀ, ಅದರ ಕೆಲಸನ ಅದು!

— ಗರ್ ಅನ್ನೂದು ಕೆಲಸ? ಹಂಗಾರ ನಮ್ಮ ಮನಿ ಮಿಕ್ಸರನ್ನೂ ಆರ್ಕೆಸ್ಟ್ರಾಕ್ಕ ಸೇರಸು.

— ಮದಲ ಹೊಳ್ಳಿ ಹಚ್ರಿ!

— ಹಚ್ಚತೇನಿ. ಸೋಲ್ಡರಿಂಗ್ ರಾಡ್ ಬ್ಯಾಡಗ್ಯಾಗ ಐತಿ.

— ಅಂಗಡಿಯವ ಕಂಪ್ಯೂಟರ್ ಊಟದ ಹೊತ್ತಿನ ತನಕಾ ಅಷ್ಟ ಕೊಟ್ಟಾನ! ಭಾಳ ಉಪಕಾರ ಆತು ಚಾಚಾ, ಏಳು ಜನ್ಮಕ್ಕೂ ಮರಿಯಂಗಿಲ್ಲ.

— ಇರಲಿ ಬಿಡೋ. ಕೆಟ್ಟದ್ದು ಕಂಡ್ರ ನನ್ನ ಕೈ ಸುಮ್ಮನಿರಂಗಿಲ್ಲ.

ವಿರೂಪಾಕ್ಷಪ್ಪನಿಗೆ ಸಿಟ್ಟು ನೆತ್ತಿಗೇರಿತು. ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ, ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯನ್ನು ಕೊನೆಯವರೆಗೆ ತಿರುವಿ ತಂತಿ ಮೀಟಿಯೇಬಿಟ್ಟ. ವಾಲ್ವುಗಳು ನಿಗಿನಿಗಿ ಹೊಳೆದವು. ಆಂಪ್ಲಿಫೈಯರ್ ಗರ್ರೆಂದು ಅಬ್ಬರಿಸಿದ ಹೊಡೆತಕ್ಕೆ ಗೋಡೆಯ ಮೇಲಿನ ಲಗ್ನಪತ್ರಿಕೆಗಳು ಪಟಪಟ ಉದುರಿದವು. ಯೂಸುಫಸಾಬರು ಎರಡೂ ಕಿವಿ ಮುಚ್ಚಿಕೊಂಡು ಕೂಗಿದರು.

— ಕಡಿಮಿ ಮಾಡೋ! ಇದನ್ನ ಅಡಗಸಾಕಂತ ಮೂವತ್ತ ವರ್ಷ ಆ ಗುಂಡಿ ಅರ್ಧದ ಮ್ಯಾಲ ತಿರುವಿಲ್ಲ ನಾನು!

— ಅಂದ್ರ ಇಷ್ಟ ದಿನಾ ಈ ಹುಲಿ ನಿಮ್ಮ ಪೆಟಿಗ್ಯಾಗ ಇತ್ತನ? ಪೂರಾ ಹಿಡದೇನ್ರಿ ಚಾಚಾ, ಡಬ್ಬಿಕಿಂತ ಛಲೋ ಬಂದೈತಿ! ಕ್ಯಾಸೆಟ್ಟಿನ ಮ್ಯಾಲ ದೊಡ್ಡ ಅಕ್ಷರದಾಗ ನಿಮ್ಮ ಹೆಸರ ಬರಸತೇನಿ.

ಯೂಸುಫಸಾಬರು ಅವನ ಎರಡೂ ಕೈ ಹಿಡಿದುಕೊಂಡರು.

— ನಿನ್ನ ಕಾಲಿಗೆ ಬೀಳತೇನಿ ತಮ್ಮಾ, ನನ್ನ ಹೆಸರ ಬ್ಯಾಡ. ಹಾವೇರ್ಯಾಗ ಮಲ್ಲಿಕಸಾಬ ಅಂತ ಒಬ್ಬಾವ ಮೈಕ್ ಸೆಟ್ ಇಟ್ಟಾನ, ನನ್ನ ಮದುವಿಗೋಳೆಲ್ಲಾ ಕಸಗೊಳ್ಳಾಕತ್ತಾನ. ಅವನ ಹೆಸರ ಹಾಕು. ವಿಳಾಸ ನಾ ಹೇಳತೇನಿ, ಬರಕೋ.