ಇಪ್ಪತ್ತಕ್ಕೆ ಬಿಡುವ ಹಡಗು

ಹಜ್‌ಗೆ ಹೋಗುವವರ ಹಡಗು ಇಪ್ಪತ್ತನೇ ತಾರೀಖಿಗೆ ಮುಂಬಯಿ ಬಿಡುತ್ತದೆ ಎಂದು ಗಜೇಂದ್ರಗಡದ ಜವಳಿ ವ್ಯಾಪಾರಿ ಗುರುಸಂಗಪ್ಪನಿಗೆ ಯಾರೋ ಹೇಳಿದ್ದರು. ಎಷ್ಟು ಮೊದಲು ಹೋಗಿ ಹತ್ತಬೇಕು ಎಂಬುದನ್ನು ಯಾರೂ ಹೇಳಿರಲಿಲ್ಲ, ಆತನೂ ಕೇಳಿರಲಿಲ್ಲ. ಆತನಿಗೆ ಗೊತ್ತಿದ್ದದ್ದು ರೋಣದ ಬಸ್ಸು ಒಂದೇ. ಅದು ಹಾರ್ನ್ ಹೊಡೆದ ಮೇಲೆ ಊಟದ ಕೈ ತೊಳೆದು ಹೊರಟರೂ ಸಿಗುತ್ತಿತ್ತು. ಹಡಗೂ ಆ ಬಸ್ಸಿನ ದೊಡ್ಡಪ್ಪನ ಮಗನೇ ಇದ್ದೀತೆಂದು ಆತ ತಿಳಿದಿದ್ದ.

ಹಾಗಾಗಿ ಹದಿನಾಲ್ಕನೇ ತಾರೀಖು ಮುಂಜಾನೆ ಅಂಗಡಿಯ ಗಾದಿಯ ಮೇಲೆ ಕುಳಿತು, ಹಜ್‌ಗೆ ಹೊರಟ ನೇಕಾರ ಸುಭಾನಸಾಬನನ್ನು ಯಾವ ರೀತಿ ಕ್ಷಮಿಸಬೇಕೆಂದು ನಿಶ್ಚಿಂತೆಯಿಂದ ಯೋಚಿಸುತ್ತಿದ್ದ.

ಇಬ್ಬರೂ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು. ಮೂವತ್ತು ವರ್ಷ ಆತ ನೇಯ್ದ ಸೀರೆಯನ್ನು ಈತ ಮಾರಿದ್ದ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಸುಭಾನಸಾಬ ನೂಲಿನ ಪೇಟೆಗೆ ಹೋಗುವಾಗ ಗುರುಸಂಗಪ್ಪನ ಹೊಸ ಛತ್ರಿ ಒಯ್ದಿದ್ದ. ವಾಪಸು ತಂದಾಗ ಅದರ ಒಂದು ಕಡ್ಡಿ ಮುರಿದಿತ್ತು. ನಾಲ್ಕು ಗಿರಾಕಿಗಳ ಎದುರಿಗೆ ಗುರುಸಂಗಪ್ಪ ಕೂಗಾಡಿ, ಛತ್ರಿಯನ್ನು ಬೀದಿಗೆ ಎಸೆದು, ಅದರ ಹಿಂದೆಯೇ ಗೆಳೆಯನನ್ನೂ ಹೊರಗೆ ಹಾಕಿದ. ಅಂದಿನಿಂದ ಮಾತಿಲ್ಲ. ಆಮೇಲಿನ ಮೂರು ವರ್ಷದಲ್ಲಿ ಆ ಊರಿನಲ್ಲಿ ಛತ್ರಿ ಬಿಚ್ಚುವಂಥ ಮಳೆ ಮೂರು ಸಲವೂ ಬರಲಿಲ್ಲ.

ಹಜ್‌ಗೆ ಹೋಗುವವರು ಎಲ್ಲರ ಹತ್ತಿರ ಮಾಫಿ ಕೇಳಿ ಹೋಗುವುದು ರೂಢಿ. ಎಂಟು ದಿನದ ಹಿಂದೆ ಸುಭಾನಸಾಬ ಅಂಗಡಿಯ ಕಡೆ ಬರುವುದನ್ನು ಕಂಡು ಗುರುಸಂಗಪ್ಪ ಒಂದು ಖಣದ ಥಾನನ್ನು ಮುಖದ ಮೇಲೆ ಎಳೆದುಕೊಂಡು ಗೊರಕೆ ಹೊಡೆದಿದ್ದ. ಅಷ್ಟು ಸಸ್ತಾದಲ್ಲಿ ಕ್ಷಮಿಸಲು ಆತನಿಗೆ ಮನಸ್ಸಿರಲಿಲ್ಲ. ಸುಭಾನಸಾಬ ಹೊರಡುವ ದಿನ, ಬಸ್‌ಸ್ಟ್ಯಾಂಡಿನಲ್ಲಿ, ಮಂದಿಯ ಮುಂದೆ, ಮಾಲೆ ಹಾಕಿ ಕ್ಷಮಿಸಬೇಕು.

ಅಷ್ಟರಲ್ಲಿ ಚಹಾದಂಗಡಿಯ ಮೈಲಾರಪ್ಪ ಕಪ್ಪು ಬಸಿ ಹಿಡಿದು ಬಂದ. ಒಮ್ಮೆ ಮುಂಬಯಿಗೆ ಹೋಗಿ ಸಮುದ್ರದಲ್ಲಿ ಮೊಣಕಾಲಿನ ತನಕ ಇಳಿದು ಬಂದವನಾದ್ದರಿಂದ ಹಡಗಿನ ವಿಷಯದಲ್ಲಿ ಊರಿಗೆಲ್ಲ ಅವನೇ ಪಂಡಿತ.

"ನಿಮ್ಮ ದೋಸ್ತ ಹೋದ್ನಲ್ರಿ ಸಾವ್ಕಾರ್ರ."

"ಎಲ್ಲಿಗೆ?"

"ಮಕ್ಕಾಕ್ಕ. ಮುಂಜಾನಿ ಮೊದಲನೇ ಬಸ್ಸಿಗೆ ಗಂಡ ಹೆಂಡ್ತಿ ಇಬ್ಬರೂ ಹ್ವಾದ್ರು."

"ಹಡಗ ಇಪ್ಪತ್ತಕ್ಕಲ್ಲೇನೋ?"

"ಇಪ್ಪತ್ತಕ್ಕ ಹಡಗ ಬಿಡತದ್ರಿ. ಮಂದಿ ಹದಿನಾರಕ್ಕ ಅಲ್ಲಿರಬೇಕು. ಸೂಜಿ ಚುಚ್ಚತಾರ, ಕಾಗದಪತ್ರ ನೋಡತಾರ, ಗಂಟು ಬಿಚ್ಚಿಸತಾರ. ಬಿಡೂ ದಿನಾನೂ ಹಂಗ. ಹಡಗ ಮೂರಕ್ಕ ಬಿಡೂದಾದ್ರ ಮುಂಜಾನಿ ಎಂಟಕ್ಕ ಹತ್ತಿ ಕುಂದರಬೇಕು. ತಡಾ ಆತಂದ್ರ ಬಾಗಲಾ ಹಾಕಿಬಿಡತಾರ."

"ಏಳ ತಾಸು ಕುಂತು ಏನ್ ಮಾಡತಾರ?"

"ನೀರ ನೋಡತಾರ್ರಿ."

ಗುರುಸಂಗಪ್ಪ ಬಸಿಯನ್ನು ಕೆಳಗಿಟ್ಟ. ಆ ಕಾಲದಲ್ಲಿ ವಯಸ್ಸಾದವರು ಹಜ್‌ಗೆ ಹೋದರೆ ತಿರುಗಿ ಬರುತ್ತಾರೆಂದು ಹೇಳುವಂತಿರಲಿಲ್ಲ. ಮಾತಾಡದೆ ಹೋದವರು ಬಿಟ್ಟುಹೋಗುವ ನೋವು ಎಂಥದೆಂದು ಆತನಿಗೆ ಗೊತ್ತಿತ್ತು. ಆತನ ಅಣ್ಣ ಈಶಪ್ಪ ಮನೆ ಪಾಲಾದಾಗ ಮುನಿಸಿಕೊಂಡು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವನು ಅಲ್ಲೇ ತೀರಿಕೊಂಡಿದ್ದ. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದನಂತೆ. ತಮ್ಮನನ್ನು ಕರೆಯಲಿಲ್ಲ. ಸತ್ತ ಮೇಲೆ ಬಂದದ್ದು ಟಪಾಲಿನವನು ತಂದ ತಾರು ಒಂದೇ. "ಸಾಯೂ ಮುಂದ ಸುದ್ದಾ ನಾ ಬ್ಯಾಡಾದೆ" ಎಂದು ಆತ ಹೆಂಡತಿ ಸಿದ್ದಲಿಂಗವ್ವನ ಎದುರು ಎಷ್ಟು ಸಲ ಅಂದಿದ್ದನೋ.

"ಅವ್ರು ಹತ್ತೂ ಮಲ್ಲಾಪುರದ ರೈಲ ಎಷ್ಟಕ್ಕೋ ಮೈಲಾರಿ?"

"ಮೂರೂವರಿಗ್ರಿ. ಹನ್ನೊಂದರ ಬಸ್ಸಿಗೆ ಹ್ವಾದ್ರ ಸಿಗತದ."

ಹನ್ನೊಂದಕ್ಕೆ ಇನ್ನೂ ವೇಳೆಯಿತ್ತು. ವೇಳೆಯಿದ್ದದ್ದೇ ತೊಂದರೆಯಾಯಿತು. ಸುದ್ದಿ ತಿಳಿದು ಅಕ್ಕಪಕ್ಕದ ಅಂಗಡಿಯವರು ಬಂದರು. ಕೈ ಹಿಡಿದು ಕ್ಷಮಿಸಬೇಕೋ ಅಪ್ಪಿಕೊಂಡೋ ಎಂದು ಒಬ್ಬ ಕೇಳಿದ. ಛತ್ರಿಯ ಹೆಸರು ಎತ್ತಬಾರದೆಂದು ಇನ್ನೊಬ್ಬ ಹೇಳಿದ. ಹೆಸರು ಎತ್ತದೆ ಕ್ಷಮಿಸಿದರೆ ಅದು ಯಾವ ಲೆಕ್ಕದ ಕ್ಷಮೆ ಎಂದು ಮೈಲಾರಪ್ಪ ವಾದಿಸಿದ. ಸಿದ್ದಲಿಂಗವ್ವ ದಾರಿಯ ಬುತ್ತಿಗೆಂದು ಅಂಟಿನುಂಡಿ ಕಟ್ಟಿಕೊಟ್ಟಳು. ಯಾರೋ ಹೂವಿನ ಮಾಲೆ ತಂದುಕೊಟ್ಟರು. ಹನ್ನೊಂದರ ಬಸ್ಸು ಹನ್ನೊಂದಕ್ಕೆ ಬಿಡುತ್ತದೋ ಹನ್ನೊಂದೂವರೆಗೋ ಎಂದು ಜಗಳ ಬಿಸಿಯೇರಿದ್ದಾಗ ಬಸ್ಸು ಅವರೆಲ್ಲರ ಮುಂದೆಯೇ ಹಾದು ಹೋಯಿತು. ಹಾರ್ನ್ ಕೂಡ ಹೊಡೆಯಲಿಲ್ಲ.

ಕೊನೆಗೆ ಸಿಕ್ಕಿದ್ದು ಮಲ್ಲಾಪುರ ಸ್ಟೇಶನ್ನಿಗೆ ಒಣ ಮೆಣಸಿನಕಾಯಿ ಹೊತ್ತು ಹೊರಟ ಲಾರಿ. ಮುಂದೆ ಡ್ರೈವರ್ ಅಮೋಘಸಿದ್ದನ ಅತ್ತೆ, ಅವಳ ಎರಡು ಕೋಳಿ ಕುಳಿತಿದ್ದವು.

"ಮ್ಯಾಲೆ ಹತ್ರಿ ಸಾವ್ಕಾರ್ರ, ಗಾಳಿ ಚಲೋ ಬರತದ" ಎಂದ ಅಮೋಘಸಿದ್ದ.

ಗಾಳಿ ಚಲೋ ಬಂತು. ಬರುವಾಗ ಮೆಣಸಿನಕಾಯಿಯ ಘಾಟನ್ನೂ ಕರೆದುಕೊಂಡು ಬಂತು. ರೋಣ ದಾಟುವಷ್ಟರಲ್ಲಿ ಗುರುಸಂಗಪ್ಪ ಎಪ್ಪತ್ತು ಸಲ ಸೀನಿದ್ದ. ಕಣ್ಣು ಒರೆಸಿಕೊಂಡರೆ ಉರಿ ಇಮ್ಮಡಿಯಾಯಿತು, ಒರೆಸಿದ ಕೈಗೂ ಖಾರ ಹತ್ತಿತ್ತು. ಸ್ಟೇಶನ್ ಇನ್ನೊಂದು ಮೈಲು ಇದೆ ಎನ್ನುವಾಗ ಲಾರಿಯ ಗಾಲಿ ಪಂಕ್ಚರಾಯಿತು. ಆತ ಧೋತರ ಎತ್ತಿ ಕಟ್ಟಿ, ಮಾಲೆಯನ್ನು ಕೊರಳಲ್ಲೇ ಹಾಕಿಕೊಂಡು ಓಡಿದ. ನೋಡಿದವರಿಗೆ ಮದುವೆ ಚಪ್ಪರದಿಂದ ತಪ್ಪಿಸಿಕೊಂಡ ಮುದುಕ ವರನಂತೆ ಕಂಡಿರಬೇಕು.

ರೈಲು ಬಂದು ನಿಂತಿತ್ತು. ಸುಭಾನಸಾಬ ಮತ್ತು ಅವನ ಹೆಂಡತಿ ಲಾಲಬಿ ಕಿಟಕಿಯ ಹತ್ತಿರ ಕುಳಿತಿದ್ದರು. ಹಡಗಿಗೆ ಏಳು ತಾಸು ಮೊದಲು ಹೋಗಬೇಕಾದರೆ ರೈಲಿಗೆ ಐದು ತಾಸಾದರೂ ಬೇಡವೇ ಎಂದು ಅವರು ಹತ್ತೂವರೆಗೇ ಸ್ಟೇಶನ್ನಿಗೆ ಬಂದು, ಹಾಸಿಗೆಯ ಸುರುಳಿಗಳ ಮೇಲೆ ಕಾದಿದ್ದರಂತೆ.

ಕೆಂಪಗೆ ಉಬ್ಬಿದ ಕಣ್ಣುಗಳಿಂದ ಧಾರೆಧಾರೆಯಾಗಿ ನೀರು ಸುರಿಸುತ್ತ ಓಡಿ ಬಂದ ಗೆಳೆಯನನ್ನು ಕಂಡು ಸುಭಾನಸಾಬ ಕಿಟಕಿಯಿಂದ ಎರಡೂ ಕೈ ಚಾಚಿದ. ಪ್ಲಾಟ್‌ಫಾರ್ಮಿನ ಮಂದಿ ಸುತ್ತ ನೆರೆದರು.

"ಇಷ್ಟ್ಯಾಕ ಅಳತೀಯೋ ಸಂಗಣ್ಣಾ" ಎಂದ ಸುಭಾನಸಾಬ.

ಮೆಣಸಿನಕಾಯಿ ಎಂದು ಹೇಳಬೇಕೆಂದುಕೊಂಡ ಗುರುಸಂಗಪ್ಪ, ಸುತ್ತ ನಿಂತವರನ್ನು ನೋಡಿ ಹೇಳಲಿಲ್ಲ. ಮಾಲೆ ತೆಗೆದು ಅವನ ಕೊರಳಿಗೆ ಹಾಕಿದ. "ಹೋಗಿ ಬಾ ಸುಭಾನಾ. ಎಲ್ಲಾ ಮಾಫ್. ಛತ್ರಿ ಅಷ್ಟ ಅಲ್ಲ, ನಿನ್ನಿಂದ ಏನೇನ ತಪ್ಪ ಆಗ್ಯದೋ ಎಲ್ಲಾನೂ ಮಾಫ್."

ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುಸಂಗಪ್ಪನ ಎದೆ ಹಿಗ್ಗಿತು. ಅಂದುಕೊಂಡದ್ದಕ್ಕಿಂತ ಚಲೋ ಆಗಿತ್ತು.

ಸುಭಾನಸಾಬ ಮಾತ್ರ ಅವನ ಕಣ್ಣನ್ನೇ ನೋಡುತ್ತಿದ್ದ. "ಎಲ್ಲಾ ಅಂದ್ರ ಎಲ್ಲಾನೂ?"

"ಎಲ್ಲಾನೂ."

"ಹಂಗಾರ ಒಂದ ಮಾತ ಹೇಳಿ ಹೋಗತೀನಿ. ನೀ ಹಿಂಗ ಅಳೂದ ನೋಡಿದ ಮ್ಯಾಲ ಮುಚ್ಚಿಟಗೊಂಡ ಹಡಗ ಹತ್ತಾಕ ಆಗೂದಿಲ್ಲ." ಅವನು ದನಿ ತಗ್ಗಿಸಿದ. "ಆವತ್ತ ಛತ್ರಿ ಹಿಡಕೊಂಡ ಬಂದಿದ್ನಲ್ಲ, ನೂಲ ತರಾಕ ಹೋಗಿದ್ದ ಸೊಲ್ಲಾಪುರದಿಂದ ನೆಟ್ಟಗ ನಿನ್ನ ಅಂಗಡಿಗೇ ಬಂದಿದ್ದೆ. ಅಲ್ಲಿ ಈಶಪ್ಪಣ್ಣನ್ನ ನೋಡಿದ್ದೆ. ಏಳಾಕ ಬರತಿದ್ದಿಲ್ಲ ಅವಗ. ನನ್ನ ಕೈ ಹಿಡಕೊಂಡು, ತಮ್ಮಗ ಒಮ್ಮೆ ಬಂದ ಹೋಗು ಅನ್ನು, ಲಗೂನ ಬಾ ಅನ್ನು, ಅಂದ. ಅದನ್ನ ಹೇಳಾಕ ಬಂದಿದ್ದೆ. ನೀ ಬಾಯಿ ತಗಿಯಾಕ ಬಿಡಲಿಲ್ಲ. ನಾಕ ಮಂದ್ಯಾಗ ಹೊರಗ ಹಾಕಿದಿ. ನನಗೂ ಸಿಟ್ಟ ಬಂತು. ಸಿಟ್ಟ ಇಳದ ಮ್ಯಾಲ ಹೇಳಿದ್ರಾತು ಅಂದಕೊಂಡೆ. ಎಂಟ ದಿನಕ್ಕ ತಾರ ಬಂತು."

ಗಾರ್ಡ್ ಹಸಿರು ನಿಶಾನೆ ತೋರಿಸಿದ. ರೈಲು ಒಮ್ಮೆ ಜಗ್ಗಿ ಚಲಿಸಿತು.

"ಸಂಗಣ್ಣಾ, ಏನರ ಅನ್ನು."

ಸುಭಾನಸಾಬನ ಚಾಚಿದ ಕೈ ಗುರುಸಂಗಪ್ಪನ ಬೆರಳುಗಳಿಂದ ಜಾರಿ ಹೋಯಿತು. ಆಮೇಲೆ ಆತ ಓಡಿದ, ಪ್ಲಾಟ್‌ಫಾರ್ಮ್ ಮುಗಿಯುವ ತನಕ ಕೈ ಎತ್ತಿಕೊಂಡು ಓಡಿದ. "ತಪ್ಪ ನಂದೋ ಸುಭಾನಾ, ನಿಂದಲ್ಲ" ಎಂದು ಕೂಗಿದಾಗ ರೈಲು ಸಿಗ್ನಲ್ ದಾಟಿತ್ತು. ಅಷ್ಟು ದೂರದಿಂದ ನೋಡುವವನಿಗೆ ಆ ಎತ್ತಿದ ಕೈ ಹರಸುತ್ತಿದೆಯೋ ಶಪಿಸುತ್ತಿದೆಯೋ ತಿಳಿಯುವಂತಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ಲಾರಿ ಆತನನ್ನು ಊರಿಗೆ ತಂದು ಇಳಿಸಿತು. ಅಮೋಘಸಿದ್ದ ಸ್ಟೇಶನ್ನಿನಲ್ಲಿ ಮಂದಿಯಿಂದ ಕೇಳಿದ ಸುದ್ದಿಯನ್ನು ಇಳಿದ ಕೂಡಲೇ ಚಹಾದಂಗಡಿಯಲ್ಲಿ ಹಂಚಿದ. ಮೈಲಾರಪ್ಪ ಎದ್ದು ನಿಂತು ಕೈ ಮುಗಿದ.

"ದೊಡ್ಡ ಮನಸ್ಸ್ರಿ ನಿಮ್ಮದು. ಎಲ್ಲಾನೂ ಮಾಫ್ ಅಂದ್ರಂತಲ್ರಿ. ಇಂಥಾ ಮನಶ್ಯಾ ನಮ್ಮೂರಾಗ ಇನ್ನೊಬ್ಬ ಸಿಗೂದಿಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ಹೌದೌದೆಂದರು. ಗುರುಸಂಗಪ್ಪ ತಲೆ ತಗ್ಗಿಸಿ ಮನೆಗೆ ನಡೆದ.

ಸಿದ್ದಲಿಂಗವ್ವ ರೊಟ್ಟಿ ಬಡಿಸಿದಳು. ಆತ ರೊಟ್ಟಿ ಮುರಿದು ತಾಟಿನಲ್ಲೇ ಇಟ್ಟ.

"ಅಣ್ಣ ನನ್ನ ಕರದಿದ್ನಂತ" ಎಂದ.

ಅವಳ ಕೈಯೊಳಗಿನ ಸೌಟು ನಿಂತಿತು. "ಖರೇ? ಯಾರ ಕೈಲೆ ಹೇಳಿ ಕಳಿಸಿದ್ರಂತ್ರಿ?"

"ಯಾರೋ ಒಬ್ಬಾಂವ ಹೇಳಾಕ ಅಂಗಡಿಗೆ ಬಂದಿದ್ದ. ಆವತ್ತ ನಾ ಅಂಗಡ್ಯಾಗ ಇದ್ದಿಲ್ಲ."

ಮದುವೆಯಾದ ಮೂವತ್ತು ವರ್ಷದಲ್ಲಿ ಗಂಡ ಅಂಗಡಿ ಬಿಟ್ಟು ಒಂದು ಇಡೀ ದಿನ ಹೊರಗೆ ಹೋದದ್ದು ಇವತ್ತು ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಅವಳು ಆತನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.